ತೇಲುಗುಂಡು ಸುತ್ತಿ ಬರುವುದು

ಆ ದ್ವೀಪದ ಊರಿನಲ್ಲಿ ಎಲ್ಲ ಮನೆಗಳ ಕಿಟಕಿಗಳೂ ಸಮುದ್ರದ ಕಡೆಗೇ ತೆರೆದುಕೊಂಡಿದ್ದವು. ಆದರೆ ಆ ಸಮುದ್ರದಲ್ಲಿ ಈಜಬಲ್ಲ ಜೀವ ಒಂದು ಮನೆಯಲ್ಲೂ ಇರಲಿಲ್ಲ. ಗಂಡಸರು ನಡೆಯಲು ಕಲಿಯುವ ಮೊದಲೇ ದೋಣಿಯ ಓಲಾಟ ಕಲಿತವರು. ಗಾಳಿಯ ವಾಸನೆ ಹಿಡಿದು ನಾಳೆಯ ಅಲೆ ಹೇಳಬಲ್ಲವರು. ನೀರಿನ ಮೇಲಿರುವುದು ಒಂದು, ನೀರಿನೊಳಗಿರುವುದು ಇನ್ನೊಂದು ಎಂದು ಅವರ ಲೆಕ್ಕ. ಈಜು ಬಂದವನ ಸಾವು ಉದ್ದ ಎಂದು ಅಜ್ಜಂದಿರು ಹೇಳುತ್ತಿದ್ದರು. ಕರೆ ಬಂದ ಮೇಲೆ ಹೋಗುವುದೇ. ಕೈಕಾಲು ಬಡಿದು ಒಂದು ಗಳಿಗೆ ಹೆಚ್ಚು ಉಳಿದು ಯಾರಿಗೆ ಏನು ಬಂತು? ಅದನ್ನೇ ಮೊಮ್ಮಕ್ಕಳೂ ಹೇಳುತ್ತಿದ್ದರು.

ಡೊಲೀನಾ ಆ ಮಾತು ಕೇಳಿಕೊಂಡೇ ಬೆಳೆದವಳು. ಅವಳ ತಮ್ಮ ಎವಾಂಡರ್ ಮೀಸೆ ಮೂಡುವ ವಯಸ್ಸಿನಲ್ಲಿ ದೋಣಿ ಕಟ್ಟುವ ದಕ್ಕೆಯ ಮೆಟ್ಟಿಲಲ್ಲಿ ಕಾಲು ಜಾರಿ ನೀರಿಗೆ ಬಿದ್ದಾಗ ಅರ್ಧ ಊರು ದಕ್ಕೆಯ ಮೇಲೆ ನಿಂತಿತ್ತು. ದೋಣಿಯ ಹುಟ್ಟು ಚಾಚಿದರು, ದೇವರನ್ನು ಕೂಗಿದರು. ಹಗ್ಗ ಎಸೆದವನು ಮರ್ಡೋ. ಆಗಿನ್ನೂ ಅವನು ಡೊಲೀನಾಳ ಗಂಡನಾಗಿರಲಿಲ್ಲ. ಹಗ್ಗ ಒಂದು ಮೊಳ ಹಿಂದೆ ಬಿತ್ತು. ಮತ್ತೆ ಎಳೆದು ಎಸೆಯುವಷ್ಟರಲ್ಲಿ ಹುಡುಗನ ಬೂಟುಗಳು ನೀರು ಕುಡಿದು ಅವನನ್ನು ಕೆಳಕ್ಕೆ ಒಯ್ದಿದ್ದವು. ಯಾರೂ ಹಾರಲಿಲ್ಲ. ಹಾರಿದ್ದರೆ ಎರಡು ಹೆಣ ಎಂಬುದು ಎಲ್ಲರಿಗೂ ಗೊತ್ತಿದ್ದುದರಿಂದ ಯಾರೂ ಯಾರನ್ನೂ ದೂರಲಿಲ್ಲ. ಊರು ಆ ದುಃಖವನ್ನು ಚರ್ಚಿನ ಕೀರ್ತನೆಯ ಹಾಗೆ ಒಟ್ಟಾಗಿ ಹಾಡಿ, ಒಟ್ಟಾಗಿ ಮುಗಿಸಿತು.

ಅದಾಗಿ ಎಷ್ಟೋ ವರ್ಷಗಳ ಮೇಲೆ, ತೊಂಬತ್ತರ ದಶಕ ಆಗತಾನೆ ಕಾಲಿಟ್ಟಿದ್ದ ಒಂದು ಚಳಿಗಾಲದಲ್ಲಿ, ಪಕ್ಕದ ಮನೆಯ ಪೆಗಿಯ ಕಿರಿಯ ಮಗ ಅದೇ ದಕ್ಕೆಯಿಂದ ಬಿದ್ದ. ಏಡಿ ಹಿಡಿಯುವ ಬುಟ್ಟಿಯ ಹಗ್ಗಕ್ಕೆ ಅವನ ಕೋಟು ಸಿಕ್ಕಿಕೊಂಡದ್ದರಿಂದ ಬದುಕಿದ. ದೇವರ ಕೈ ಎಂದರು ಎಲ್ಲರೂ. ಡೊಲೀನಾಳೂ ಹಾಗೇ ಅಂದಳು. ಆದರೆ ಅವಳು ಶಾಲೆಯ ಅಡುಗೆಯವಳು. ಊರಿನ ಪ್ರತಿ ಮಗುವನ್ನೂ ಅದರ ಹಸಿವಿನಿಂದ ಬಲ್ಲವಳು. ಮರುದಿನ ಸಾರು ಬಡಿಸುವಾಗ ಸಾಲಿನಲ್ಲಿ ನಿಂತ ಒಂದೊಂದು ತಲೆಯನ್ನೂ ನೋಡಿ, ಪ್ರತಿಸಲವೂ ದೇವರು ಹಗ್ಗ ಹಿಡಿದುಕೊಂಡು ಕೂತಿರಬೇಕೇ ಎಂಬ ಯೋಚನೆ ಬಂತು. ಬಂದದ್ದಕ್ಕೆ ಹೆದರಿ ಸೌಟು ಕೆಳಗಿಟ್ಟಳು.

ಚರ್ಚಿನ ಹಿಂದಿನ ಕೋಣೆಯಲ್ಲಿ ಹೆಂಗಸರು ಚಹಾಕ್ಕೆ ಸೇರಿದ ದಿನ ಅವಳು ಅದನ್ನು ಬಾಯಿಬಿಟ್ಟು ಹೇಳಿದಳು. ಶನಿವಾರಗಳಂದು ಮಕ್ಕಳನ್ನು ಬಸ್ಸಿನಲ್ಲಿ ಪಟ್ಟಣದ ಈಜುಕೊಳಕ್ಕೆ ಕರೆದೊಯ್ಯೋಣ, ಕಲಿಸುವವರಿಗೆ ಸಂಬಳ ಕೊಡೋಣ, ಅದಕ್ಕೆ ಬೇಕಾದ ಹಣವನ್ನು ತಾನು ಎತ್ತುತ್ತೇನೆ ಎಂದಳು. ಮೊದಲು ಮಾತಾಡಿದವಳು ಪೆಗಿ. ಅವಳದು ಒರಟು ಬಾಯಿ, ಮೆತ್ತನೆ ಎದೆ.

"ಹಣದ ಮಾತು ಬಿಡು ಮಾರಾಯ್ತಿ, ಹಣ ಕೊಡೋಣ. ಆದ್ರೆ ನಮ್ಮೂರಲ್ಲಿ ಹುಟ್ಟಿದವರು ಯಾರಾದ್ರೂ ನೀರಲ್ಲಿ ತೇಲಿದ್ದನ್ನ ನೀ ಕಂಡಿದೀಯಾ? ನಮ್ಮ ಮೈಯೇ ಬೇರೆ. ಕಲ್ಲು ಕಟ್ಟಿದ ಹಾಗೆ ಮುಳುಗ್ತೀವಿ."

"ಮೈ ಎಲ್ಲರದ್ದೂ ಒಂದೇ, ಪೆಗಿ."

"ಹಾಗಾದ್ರೆ ನೀನೇ ತೋರಿಸು. ದಕ್ಕೆಯಿಂದ ಬಂದರಿನ ನಡುವಿರೋ ಆ ತೇಲುಗುಂಡಿನ ತನಕ ಹೋಗಿ, ಸುತ್ತಿ ಬಾ. ನನ್ನ ಕಣ್ಣೆದುರಿಗೆ. ಬಂದ ದಿನ ನನ್ನ ಇಬ್ರನ್ನೂ ನಾನೇ ಬಸ್ಸು ಹತ್ತಿಸ್ತೀನಿ."

ಉಳಿದ ತಾಯಂದಿರು ತಲೆಯಾಡಿಸಿದರು. ಪೆಗಿ ಕಳಿಸಿದರೆ ತಾವೂ ಕಳಿಸುವುದೆಂದು ಆಯಿತು. ಡೊಲೀನಾಳಿಗೆ ಆಗ ನಲವತ್ತು ದಾಟಿತ್ತು. ಸ್ನಾನದ ತೊಟ್ಟಿಗಿಂತ ಆಳದ ನೀರಿಗೆ ಅವಳು ಇಳಿದವಳಲ್ಲ.

ಆ ವರ್ಷವೇ ಪಟ್ಟಣದ ಆಟದ ಸಂಘದವರು ಟ್ರಯಥ್ಲಾನ್ ಎಂಬ ಹೊಸ ಪಂದ್ಯ ಮಾಡುವುದಾಗಿ ಸಾರಿದ್ದರು. ಮೊದಲು ಈಜು, ಮೈ ಒಣಗುವ ಮುಂಚೆ ಸೈಕಲ್ಲು, ಅದರಿಂದಿಳಿದು ಓಟ. ಪಂದ್ಯಕ್ಕಿಳಿದವರು ತಮಗೆ ಬೇಕಾದ ಒಳ್ಳೆಯ ಕೆಲಸಕ್ಕೆ ಜನರಿಂದ ಹಣ ಎತ್ತಬಹುದು. ಗಾಳಿ ತಡೆಯುವ ಗುಡ್ಡಗಳಿರುವುದರಿಂದ ಈಜಿಗೆ ಆರಿಸಿದ್ದು ಇವರ ಬಂದರನ್ನೇ. ಡೊಲೀನಾ ಹೆಸರು ಕೊಟ್ಟು ಬಂದಳು. ಚರ್ಚಿನ ಹಿರಿಯರಾದ ರೋರಿ ಭಾನುವಾರ, ಸಬ್ಬತ್ ದಿನ ಅಲ್ಲ ತಾನೇ ಎಂದಷ್ಟೇ ಕೇಳಿದರು. ಶನಿವಾರ ಎಂದಳು. ಹಾಗಾದರೆ ಸರಿ ಎಂದು ಅವರು ಟೋಪಿ ಹಾಕಿಕೊಂಡು ಹೋದರು.

ಮರ್ಡೋ ಬೇಡ ಅನ್ನಲಿಲ್ಲ. ಅವನು ಯಾವುದಕ್ಕೂ ಹೆಚ್ಚು ಮಾತಾಡುವವನಲ್ಲ. ಪ್ರತಿ ಶನಿವಾರ ದೋಣಿ ಕಟ್ಟಿ, ವ್ಯಾನಿನಲ್ಲಿ ಅವಳನ್ನು ಪಟ್ಟಣಕ್ಕೆ ಕರೆದೊಯ್ದು ಕೊಳದ ಬಾಗಿಲಲ್ಲಿ ಇಳಿಸುವನು. ತಾನು ವ್ಯಾನಿನಲ್ಲೇ ಕೂತು ಪತ್ರಿಕೆ ಓದುವನು. ಕಲಿಸುತ್ತಿದ್ದ ಜಿಲ್ಲಿಯನ್ ದಕ್ಷಿಣದಿಂದ ಬಂದ ಇಂಗ್ಲಿಷ್ ಹೆಂಗಸು. ಒಳಗೆ ಬಂದು ನೋಡಿ, ಬೆಚ್ಚಗಿದೆ ಎಂದು ಅವಳು ಎಷ್ಟೋ ಸಲ ಕರೆದಳು. ಬೂಟು ಕೊಳೆಯಾಗಿದೆ ಎಂದು ಅವನು ಪ್ರತಿಸಲವೂ ತಪ್ಪಿಸಿಕೊಂಡ.

ಮೊದಮೊದಲು ಡೊಲೀನಾಳಿಗೆ ಮುಖ ನೀರಿಗಿಡುವುದೇ ಆಗಲಿಲ್ಲ. ಮೂಗಿಗೆ ನೀರು ತಾಗಿದ ಕೂಡಲೇ ತಲೆ ಮೇಲೆತ್ತಿಬಿಡುತ್ತಿದ್ದಳು. ಕಣ್ಣ ಮುಂದೆ ಎವಾಂಡರನ ಎರಡು ಬೂಟುಗಳು ಬರುತ್ತಿದ್ದವು. ಕೊಳದ ಅಂಚು ಹಿಡಿದು, ಪಟ್ಟಣದ ಶಾಲೆಯ ಪುಟ್ಟ ಮಕ್ಕಳ ಪಕ್ಕದಲ್ಲಿ ಕಾಲು ಬಡಿಯುತ್ತಾ, ಯಾಕಾದರೂ ಒಪ್ಪಿಕೊಂಡೆನೋ ಎಂದು ಅಳು ಬರುತ್ತಿತ್ತು. ಉಸಿರು ಬಿಡುವುದು ನಿಧಾನ, ಎಳೆಯುವುದು ಚುರುಕು ಎಂದು ಜಿಲ್ಲಿಯನ್ ಹೇಳಿ ಹೇಳಿ ಸೋತಳು. ಅದು ಹತ್ತಿದ್ದು ಬೇರೆ ದಾರಿಯಿಂದ. ಚರ್ಚಿನಲ್ಲಿ ರೋರಿ ಎದ್ದು ನಿಂತು ಕೀರ್ತನೆಯ ಒಂದು ಸಾಲನ್ನು ಒಬ್ಬರೇ ಎತ್ತಿಕೊಡುತ್ತಾರೆ. ಸಭೆ ಅದನ್ನು ಎಳೆದು, ಹರಡಿ, ಅಲೆಯ ಹಾಗೆ ಹಿಂದಕ್ಕೆ ತರುತ್ತದೆ. ತೊಟ್ಟಿಲಿನಿಂದ ಕೇಳಿದ ಲಯ ಅದು. ಒಂದು ಶನಿವಾರ ನೀರಿನೊಳಗೆ ಮುಖವಿಟ್ಟು ಅವಳು ಸಭೆಯ ಸಾಲನ್ನು ಮೂಗಿನಲ್ಲೇ ಹಾಡಿ ಉಸಿರು ಬಿಟ್ಟಳು. ತಲೆ ತಿರುಗಿಸಿದಾಗ ರೋರಿಯ ಮುಂದಿನ ಸಾಲಿಗೆ ಕಿವಿಗೊಟ್ಟಂತೆ ಉಸಿರೆಳೆದಳು. ಕೀರ್ತನೆ ಮುಗಿಯುವಾಗ ಕೈಗೆ ಆಚೆ ಗೋಡೆ ತಗುಲಿತು.

ಜಿಲ್ಲಿಯನ್ ಇನ್ನೂ ಒಂದು ವಿಷಯ ಕಲಿಸಿದಳು. ಉಸಿರು ತಪ್ಪಿದರೆ, ಅಲೆ ಬಾಯಿಗೆ ಹೊಡೆದರೆ, ಹೋರಾಡಬಾರದು. ಅಂಗಾತ ಹೊರಳಿ, ಕೈ ಅಗಲಿಸಿ, ಕಿವಿ ನೀರಿನಲ್ಲಿಟ್ಟು ಆಕಾಶ ನೋಡುತ್ತಾ ಮಲಗಬೇಕು. ನೀರು ಹೊರುತ್ತದೆ. ಡೊಲೀನಾಳಿಗೆ ನಂಬಲಿಕ್ಕಾಗದೆ ಹೋದದ್ದು ಇದು, ನಂಬಿದ ಮೇಲೆ ಎಲ್ಲಕ್ಕಿಂತ ಹೆಚ್ಚು ಇಷ್ಟವಾದದ್ದೂ ಇದೇ. ಎವಾಂಡರನಿಗೆ ಇದೊಂದು ಗೊತ್ತಿದ್ದರೆ ಹಗ್ಗ ಎರಡನೆಯ ಸಲ ಬರುವ ತನಕ ಮಲಗಿರುತ್ತಿದ್ದ.

ಸೈಕಲ್ಲಿನದೂ ಓಟದ್ದೂ ಕಷ್ಟವಲ್ಲ, ನಗೆಪಾಟಲು. ಬಲೆ ಹೊಲಿಯುತ್ತಾ ಕೂತ ಗಂಡಸರು, ಎದುರುಗಾಳಿಯಲ್ಲಿ ತುಳಿದೂ ತುಳಿದೂ ನಿಂತಲ್ಲೇ ನಿಂತ ಅವಳನ್ನು ನೋಡಿ, ಚಕ್ರ ತಿರುಗುತ್ತಿದೆಯೋ ಭೂಮಿ ತಿರುಗುತ್ತಿದೆಯೋ ಎಂದು ಕೇಳುವರು. ಓಡಿದರೆ ಮುದುಕಿಯರು ಬಾಗಿಲಿಗೆ ಬಂದು ಯಾರು ಹೋದರು ಎಂದು ಕೇಳುವರು; ಆ ಊರಿನಲ್ಲಿ ವಯಸ್ಸಾದ ಹೆಂಗಸು ಓಡುವುದು ಸಾವಿನ ಸುದ್ದಿ ಹೊತ್ತಾಗ ಮಾತ್ರ. ಬೇಸಿಗೆಯ ಹೊತ್ತಿಗೆ ಅವರಿಗೂ ರೂಢಿಯಾಗಿ, ಲೋಟದಲ್ಲಿ ಹಾಲು ಹಿಡಿದು ದಾರಿ ಕಾಯತೊಡಗಿದರು. ಹಣವೂ ಬಂತು. ಕೇಳಿದ ಮನೆಯಲ್ಲಿ ಇಲ್ಲವೆನ್ನಿಸಿಕೊಂಡದ್ದಿಲ್ಲ. ಆದರೆ ಕೊಡುವ ಪ್ರತಿ ತಾಯಿಯೂ ಅವಳ ಕೈಯನ್ನು ಒಂದು ಗಳಿಗೆ ಹಿಡಿದು, ನೀನು ಸುತ್ತಿ ಬಂದರೆ ನಮ್ಮವರೂ ಬರುತ್ತಾರೆ ಎನ್ನುವಳು. ಮಕ್ಕಳು ಬರುವುದೆಲ್ಲ ಆ ಒಂದು ಸುತ್ತಿನ ಮೇಲೆ ನಿಂತಿದೆ ಎಂಬುದು ಅವಳಿಗೆ ಹಾಸಿಗೆಯಲ್ಲೂ ಮರೆಯುತ್ತಿರಲಿಲ್ಲ.

ಪಂದ್ಯದ ಹಿಂದಿನ ಸಂಜೆ ಊಟದ ಮೇಜಿನಲ್ಲಿ ಮರ್ಡೋ ತಾನೂ ಕಾವಲು ದೋಣಿಯಲ್ಲಿ ಇರುತ್ತೇನೆಂದ. ಸಂಘದವರು ಊರಿನ ದೋಣಿಗಳನ್ನೇ ಕೇಳಿದ್ದರಂತೆ.

"ಇರು. ಒಂದು ವಿಷಯ ನೆನಪಿಟ್ಟುಕೋ," ಎಂದಳು ಡೊಲೀನಾ. "ಸುಸ್ತಾದ್ರೆ ನಾನು ದೋಣಿ ಅಂಚು ಹಿಡ್ಕೊಂಡು ನಿಲ್ಲಬಹುದು. ಅದಕ್ಕೆ ತಪ್ಪಿಲ್ಲ. ಆದ್ರೆ ದೋಣಿಗೆ ಹತ್ತಿಸಿದ್ರೋ, ಅಲ್ಲಿಗೆ ಮುಗೀತು. ನಾನು ಕೈ ಎತ್ತಿ ಕೂಗೋ ತನಕ ಯಾರೂ ಮುಟ್ಟಬಾರದು."

"ಕೈ ಎತ್ತಿ ಕೂಗೋ ತನಕ," ಎಂದು ಮರ್ಡೋ ಒಪ್ಪಿಸಿದ. ಆಲೂಗಡ್ಡೆಯ ಸಿಪ್ಪೆಯನ್ನು ಬಹಳ ಹೊತ್ತು ಸುಲಿದ.

ಮರುದಿನ ಬಂದರು ತುಂಬಿತ್ತು. ಪಟ್ಟಣದವರು ಕಾರು ತುಂಬ ಬಂದಿದ್ದರು. ಊರಿನವರು ಚರ್ಚಿಗೆ ಹೋಗುವ ಕೋಟು ಹಾಕಿಕೊಂಡು ದಕ್ಕೆಯ ಮೇಲೆ ಸಾಲಾಗಿ ನಿಂತಿದ್ದರು. ಪೆಗಿ ಇಬ್ಬರೂ ಮಕ್ಕಳ ಕೈ ಹಿಡಿದು ಮುಂದೆಯೇ ಇದ್ದಳು. ಪಟ್ಟಣದಲ್ಲಿ ಸಿಂಪಿ ಹೆಕ್ಕಲು ಮುಳುಗುವ ಒಬ್ಬನಿಂದ ಎರವಲು ತಂದ ರಬ್ಬರ್ ಉಡುಪಿನಲ್ಲಿ ಡೊಲೀನಾ ತಾನೇ ಒಂದು ನೀರುನಾಯಿಯಂತೆ ಕಾಣುತ್ತಿದ್ದೇನೆ ಅಂದುಕೊಂಡಳು. ಪೀಪಿ ಊದಿದರು.

ನೀರು ಎಲುಬಿಗೆ ತಾಗುವಷ್ಟು ತಣ್ಣಗೆ. ಮೊದಲ ಕೆಲವು ಬಡಿತಗಳಲ್ಲಿ ಉಸಿರು ಸಿಕ್ಕಲಿಲ್ಲ. ಆಮೇಲೆ ಕೀರ್ತನೆಯ ಸಾಲು ಸಿಕ್ಕಿತು. ಎತ್ತಿಕೊಟ್ಟದ್ದನ್ನು ಎಳೆದಳು, ಮತ್ತೆ ಕಿವಿಗೊಟ್ಟಳು. ಉಳಿದವರೆಲ್ಲ ಮುಂದೆ ಹೋದರು, ಹೋಗಲಿ. ಕಿತ್ತಳೆ ಬಣ್ಣದ ತೇಲುಗುಂಡು ಮೆಲ್ಲಗೆ ದೊಡ್ಡದಾಯಿತು, ಪಕ್ಕಕ್ಕೆ ಬಂತು. ಅವಳು ಅದನ್ನು ಬೆರಳಿನಿಂದ ಒಮ್ಮೆ ತಟ್ಟಿ ಸುತ್ತು ಹಾಕಿದಳು. ದಕ್ಕೆಯಿಂದ ಒಂದು ಗದ್ದಲ ಎದ್ದದ್ದು ನೀರಿನೊಳಗೂ ಕೇಳಿತು. ನಗು ಬಂದು ಬಾಯಿ ತೆರೆಯಿತೋ, ಅಲೆಯೇ ಅಡ್ಡ ಬಂತೋ, ಒಂದು ಬಾಯಿ ಉಪ್ಪು ನೀರು ಒಳಗೆ ಹೋಯಿತು.

ಕೆಮ್ಮು ಬಂತು. ಹೆದರಿಕೆ ಬರಲಿಲ್ಲ. ಕಲಿತ ಹಾಗೆ ಅಂಗಾತ ಹೊರಳಿದಳು, ಕೈ ಅಗಲಿಸಿದಳು, ಕಿವಿ ನೀರಿಗೆ ಕೊಟ್ಟಳು. ಬೂದಿ ಬಣ್ಣದ ಆಕಾಶ, ಒಂದು ಕಡಲಹಕ್ಕಿ. ನೀರು ಹೊತ್ತಿತ್ತು. ದಡ ದೂರವಿರಲಿಲ್ಲ. ಸ್ವಲ್ಪ ಕೆಮ್ಮಿ, ಸ್ವಲ್ಪ ಉಸಿರು ಕೂಡಿಸಿ ಹೊರಡುವುದಷ್ಟೇ. ಅಷ್ಟು ನೆಮ್ಮದಿಯಾಗಿ ಅವಳು ಎಂದೂ ಮಲಗಿರಲಿಲ್ಲ.

ಆಕಾಶಕ್ಕೆ ಅಡ್ಡವಾಗಿ ದೋಣಿಯ ಅಂಚು ಬಂತು, ಅದರ ಮೇಲೆ ಮರ್ಡೋನ ಮುಖ. ಆ ಮುಖದಲ್ಲಿ ರಕ್ತವಿರಲಿಲ್ಲ. ಬೇಡ ಎನ್ನಲು ಬಾಯಿ ತೆರೆದರೆ ಬಂದದ್ದು ಕೆಮ್ಮು. ಮುಟ್ಟಬೇಡ ಎಂದು ಕೈ ಆಡಿಸಿದಳು. ಎರಡು ಕೈಗಳು ಅವಳ ಕಂಕುಳಿಗೆ ಬಿದ್ದವು. ಬಲೆ ತುಂಬ ಮೀನು ಎಳೆದು ಪಳಗಿದ ಕೈಗಳು. ಅವಳು ಅಂಚಿಗೆ ಕಾಲು ಕೊಟ್ಟು ತಳ್ಳಿದಳು, ಅವನ ಮಣಿಕಟ್ಟನ್ನು ಪರಚಿದಳು. ಆದರೆ ಆ ದೋಣಿಯಲ್ಲಿದ್ದ ಯಾರೂ ಅಂಗಾತ ತೇಲಿ ದಣಿವಾರಿಸುವ ಮನುಷ್ಯನನ್ನು ಎಂದೂ ಕಂಡವರಲ್ಲ. ನೀರಿನಲ್ಲಿ ಎರಡೇ ಬಗೆಯವರು ಎಂದು ಅವರು ಬಲ್ಲರು: ಕೈಕಾಲು ಬಡಿಯುವವರು, ಬಡಿಯದೆ ಸುಮ್ಮನಾದವರು. ಅವಳು ಸುಮ್ಮನಾದದ್ದನ್ನು ಅವರು ಕಂಡಿದ್ದರು. ಈಗ ಬಡಿಯುವುದನ್ನೂ ಕಂಡರು. ಎರಡಕ್ಕೂ ಅವರಲ್ಲಿದ್ದ ಉತ್ತರ ಒಂದೇ. ಇನ್ನಿಬ್ಬರು ಕೈ ಹಾಕಿದರು. ಡೊಲೀನಾ ದೋಣಿಯೊಳಗೆ ಬಂದು ಬಿದ್ದಳು.

ದೋಣಿ ದಕ್ಕೆ ಸೇರಿದಾಗ ಮರ್ಡೋ ಅವಳನ್ನು ಕಂಬಳಿಯಲ್ಲಿ ಸುತ್ತಿ ಎದೆಗೊತ್ತಿಕೊಂಡು ಎಲ್ಲರ ಮುಂದೆ ಅತ್ತ. ತಮ್ಮ ಹೋದ ದಿನವೂ ಅವನು ಅತ್ತದ್ದನ್ನು ಅವಳು ಕಂಡಿರಲಿಲ್ಲ. ದಕ್ಕೆಯ ಮೇಲೆ ಯಾರೋ ಕೀರ್ತನೆ ಎತ್ತಿದರು. ಜನ ಟೋಪಿ ತೆಗೆದು ಸೇರಿ ಹಾಡಿದರು. ಪಕ್ಕದಲ್ಲಿ ಅವಳ ಸೈಕಲ್ಲು ಗೋಡೆಗೊರಗಿ ನಿಂತಿತ್ತು. ಸಂಘದ ಮನುಷ್ಯ ಬಂದು, ಬಹಳ ಬೇಸರದಿಂದ, ದೋಣಿ ಹತ್ತಿದ ಮೇಲೆ ಮುಂದುವರಿಸುವ ಹಾಗಿಲ್ಲ ಎಂದ. ತಾನಾಗಿ ಹತ್ತಲಿಲ್ಲ ಎಂದಳು ಡೊಲೀನಾ. ಅವನು ಪಟ್ಟಿಯಲ್ಲಿ ಅವಳ ಹೆಸರಿಗೆ ಗೆರೆ ಎಳೆದ. ಅವಳು ಸುಮ್ಮನೆ ದಣಿವಾರಿಸಿಕೊಳ್ಳುತ್ತಿದ್ದಳು, ನಾನು ದಡದಿಂದ ನೋಡಿದ್ದೇನೆ ಎಂದು ಜಿಲ್ಲಿಯನ್ ಒಬ್ಬೊಬ್ಬರಿಗೂ ಹೇಳುತ್ತಾ ಹೋದಳು. ಊರಿನವರು ಮರ್ಯಾದೆಯಿಂದ ಕೇಳಿಸಿಕೊಂಡರು. ಹೊರಗಿನವಳು, ಪಾಪ, ಸಂಕಟದ ಹೊತ್ತಿನಲ್ಲಿ ಸಮಾಧಾನ ಹೇಳುತ್ತಿದ್ದಾಳೆ ಅಂದುಕೊಂಡರು.

ಮಧ್ಯಾಹ್ನಕ್ಕೆ ಮನೆ ತುಂಬಿತು. ಕುರಿಮಾಂಸದ ಸಾರು ಬಂತು, ಓಟ್ಸ್ ರೊಟ್ಟಿ ಬಂತು, ಸಾವಿನ ಮನೆಗೆ ತರುವುದೆಲ್ಲವೂ ಬಂತು. ಒಂದೇ ವ್ಯತ್ಯಾಸವೆಂದರೆ ಜನ ನಗುತ್ತಿದ್ದರು. ಬಾಗಿಲ ಬಳಿಯ ಬಟ್ಟಲಿಗೆ ಹಣವೂ ಬಿತ್ತು. ಕೊಟ್ಟಿದ್ದವರೇ ಮತ್ತೆ ಕೊಟ್ಟರು. ಡೊಲೀನಾ ಒಬ್ಬೊಬ್ಬರಿಗೂ ಹೇಳಿದಳು, ನಾನು ಮುಳುಗುತ್ತಿರಲಿಲ್ಲ ಎಂದು. ಹೌದಮ್ಮ ಹೌದು ಎಂದು ಅವರು ಅವಳ ಕೆನ್ನೆ ಸವರಿದರು. ಬದುಕಿ ಬಂದವರೆಲ್ಲ ಹಾಗೇ ಹೇಳುತ್ತಾರೆ. ಅದು ಒಳ್ಳೆಯ ಲಕ್ಷಣ, ತಲೆ ಸರಿಯಿದೆ ಎಂದರ್ಥ ಎಂದಳು ಒಬ್ಬ ಅಜ್ಜಿ. ಡೊಲೀನಾ ದನಿ ಏರಿಸಿದಷ್ಟೂ ಅವರ ದನಿ ಮೆತ್ತಗಾಯಿತು.

ಪೆಗಿ ಎಲ್ಲರೂ ಹೋದ ಮೇಲೆ ಬಂದಳು. ಬಟ್ಟಲಿಗೆ ನೋಟು ಹಾಕಿ, ಅಡುಗೆಮನೆಯಲ್ಲಿ ನಿಂತೇ ಮಾತಾಡಿದಳು.

"ನೀ ಮಾಡಿದ್ದನ್ನ ನಾ ಸಾಯೋ ತನಕ ಮರೆಯಲ್ಲ. ಆದ್ರೆ ಬಸ್ಸಿನ ಪಟ್ಟಿಯಿಂದ ನನ್ನ ಮಕ್ಕಳ ಹೆಸರು ತೆಗೆದುಬಿಡು, ಡೊಲೀನಾ."

"ನಾನು ಸುತ್ತಿ ಬಂದೆ ಪೆಗಿ. ತೇಲುಗುಂಡು ಸುತ್ತಿದೆ, ನೀನೇ ನೋಡಿದೆಯಲ್ಲ."

"ನೀ ಸುತ್ತಿದೆ. ನೋಡಿದೆ. ಆಮೇಲೆ ಆದದ್ದನ್ನೂ ನೋಡಿದೆ." ಪೆಗಿ ಕೋಟಿನ ಗುಂಡಿ ಹಾಕಿಕೊಂಡಳು. "ನಿನಗೆ ಗಂಡ ಇದ್ದ ದೋಣೀಲಿ. ಬಸ್ಸಲ್ಲಿ ಹೋಗೋ ನನ್ನ ಮಕ್ಕಳಿಗೆ ಅಲ್ಲಿ ಯಾರಿದಾರೆ?"

ಡೊಲೀನಾಳಿಗೆ ಹೇಳಲು ಬೇಕಾದಷ್ಟಿತ್ತು. ಅಂಗಾತ ಮಲಗಿದರೆ ನೀರು ಹೊರುತ್ತದೆ ಎಂದು ಹೇಳಬಹುದಿತ್ತು. ಆದರೆ ಆ ಅಂಗಾತ ಮಲಗಿದ್ದನ್ನು ಕಂಡೇ ಇವಳು ಹೆದರಿ ಬಂದಿದ್ದಾಳೆ. ಸಾಕ್ಷಿಯೇ ಎದುರಾಳಿಯಾಗಿ ನಿಂತಾಗ ಯಾರನ್ನು ಕರೆಯುವುದು? ಸಂಜೆಯೊಳಗೆ ಇನ್ನೂ ಮೂವರು ತಾಯಂದಿರು ಬಂದು ಅದನ್ನೇ ಹೇಳಿ ಹೋದರು. ಎಲ್ಲರೂ ಹಣ ಬಿಟ್ಟು ಹೋದರು.

ಮರುದಿನ ಸಬ್ಬತ್. ಚರ್ಚಿನಲ್ಲಿ ರೋರಿ ಆಳದ ನೀರಿನಿಂದ ಎತ್ತಲ್ಪಟ್ಟವರ ಕೀರ್ತನೆಯನ್ನೇ ಎತ್ತಿಕೊಟ್ಟರು. ಸಭೆ ಅದನ್ನು ಎಂದಿಗಿಂತ ಉದ್ದವಾಗಿ ಎಳೆಯಿತು. ಸುತ್ತಲಿನ ಬೆಂಚುಗಳಿಂದ ಎದ್ದ ಆ ದನಿಯ ನಡುವೆ ಕೂತ ಡೊಲೀನಾಳಿಗೆ ಒಂದು ವಿಚಿತ್ರವಾಯಿತು. ತಾನು ಕಂಡ ಬೂದಿ ಆಕಾಶವನ್ನು ನೆನೆಯಲು ಹೋದರೆ ಅದು ಬರಲಿಲ್ಲ. ಬದಲಿಗೆ ದೋಣಿಯವರು ಕಂಡದ್ದು ಬಂತು: ಕಪ್ಪು ರಬ್ಬರು, ಅಗಲಿಸಿದ ಎರಡು ಕೈ, ತೆರೆದ ಬಾಯಿ. ಇಷ್ಟು ಜನ ಕಂಡದ್ದು ಸುಳ್ಳಾಗಿ, ತಾನೊಬ್ಬಳು ಕಂಡದ್ದು ನಿಜವಾಗುವುದು ಹೇಗೆ? ಅವಳು ಬೆಂಚಿನ ಅಂಚು ಹಿಡಿದುಕೊಂಡಳು.

ಆ ಸಂಜೆ, ಪ್ರಾರ್ಥನೆಗೆ ಬೈಬಲ್ ಗ್ರಂಥ ತೆಗೆಯುವ ಮುನ್ನ, ಅವಳು ಮರ್ಡೋನ ಎದುರು ಕೂತಳು. ಅವನ ಮಣಿಕಟ್ಟಿನ ಮೇಲೆ ಅವಳ ಉಗುರಿನ ಗೆರೆಗಳು ಒಣಗಿದ್ದವು.

"ನಾನು ಕೈ ಎತ್ತಿ ಕೂಗಿರಲಿಲ್ಲ, ಮರ್ಡೋ."

"ಇಲ್ಲ."

"ಮುಂದಿನ ಶನಿವಾರ ಮತ್ತೆ ಇಳೀತೀನಿ. ಪಂದ್ಯ ಬೇಡ, ಬರೀ ಈಜು. ಪೆಗಿ ಮಕ್ಕಳು ನೋಡಲಿ, ಸಾಕು."

ಅವನು ಒಲೆಯ ಬೆಂಕಿ ಕೆದಕಿದ.

"ಇಳಿ. ಬೇಡ ಅನ್ನೋಕೆ ನನಗೆ ಬಾಯಿಲ್ಲ. ನೀ ಹೇಳಿದ್ದೆಲ್ಲ ನನಗೆ ನೆನಪಿತ್ತು, ದೋಣೀಲಿ ಕೂತು ಅದನ್ನೇ ಹೇಳ್ಕೊಂಡೆ, ಕೈ ಎತ್ತಲಿಲ್ಲ, ಕೂಗಲಿಲ್ಲ, ಮುಟ್ಟಬಾರದು ಅಂತ. ಆಮೇಲೆ ನೋಡ್ತೀನಿ, ನೀ ನನ್ನ ತೋಳಲ್ಲಿದೀಯ." ಅವನು ತನ್ನ ಕೈಗಳನ್ನು ಮೊಣಕಾಲ ಮೇಲೆ ಮಗುಚಿಟ್ಟ. "ಮುಂದಿನ ಶನಿವಾರನೂ ಎತ್ತುತೀನಿ. ಅದರ ಮುಂದಿಂದೂ. ಈ ಕೈ ನನ್ನ ಮಾತು ಕೇಳಲ್ಲ, ಹುಡುಗಿ."

ಅವಳಿಗೆ ಸಿಟ್ಟು ಬರಬೇಕಿತ್ತು. ಆ ಸಿಟ್ಟಿಗೆ ಕಾಲೂರಲು ಅವನ ಮುಖದಲ್ಲಿ ಒಂದಿಷ್ಟೂ ಜಾಗವಿರಲಿಲ್ಲ.

ಅವನು ಗ್ರಂಥ ಓದಿದ. ಇಬ್ಬರೂ ಕುರ್ಚಿಗಳಿಗೆ ಮುಖ ಮಾಡಿ ಮೊಣಕಾಲೂರಿದರು. ಮಾತು ಕಡಿಮೆಯ ಮನುಷ್ಯ ದೇವರ ಮುಂದೆ ಮಾತ್ರ ಧಾರಾಳಿ. ನೀರಿನ ಬಾಯಿಂದ ನನ್ನವಳನ್ನು ಬಿಡಿಸಿ ಕೊಟ್ಟೆಯಲ್ಲ ತಂದೆಯೇ, ಒಂದು ಮೊಳ ಹಿಂದೆ ಬೀಳದ ಹಾಗೆ ನನ್ನ ಕೈಯನ್ನು ಈ ಸಲ ಉದ್ದ ಮಾಡಿದೆಯಲ್ಲ ಎಂದು ಅವನು ಮೆಲುದನಿಯಲ್ಲಿ ಸ್ತೋತ್ರ ಹೇಳಿದ. ಆಮೆನ್ ಎಂದ. ಎದ್ದು ಒಲೆಗೆ ಇನ್ನೊಂದು ಕಲ್ಲಿದ್ದಲ ತುಂಡು ಹಾಕಲು ಹೋದ.

ಡೊಲೀನಾ ಏಳಲಿಲ್ಲ. ತನ್ನದೂ ಒಂದು ಬೇಡಿಕೆ ಇತ್ತು. ಕುರ್ಚಿಯ ಹಲಗೆಗೆ ಹಣೆ ಹಚ್ಚಿ ಅದಕ್ಕೆ ಮಾತು ಹುಡುಕಿದಳು. ಮಕ್ಕಳನ್ನು ಕಾಯು ಎಂದರೆ, ಕಾಯುವುದು ಹೀಗೇ, ದೋಣಿಗೆ ಎಳೆದುಹಾಕಿ, ಎಂದು ದೇವರು ಆಗಲೇ ತೋರಿಸಿಬಿಟ್ಟಿದ್ದಾನೆ. ನಿಜವನ್ನು ತಿಳಿಸು ಎಂದರೆ, ಗಂಡನ ಬಾಯಿಂದ ಈಗತಾನೆ ಹೊರಟ ಸ್ತೋತ್ರವನ್ನು ಹಿಂದಕ್ಕೆ ಕಳಿಸು ಎಂದಂತೆ. ಯಾವ ಕಡೆಯಿಂದ ಹಿಡಿದರೂ ಅವಳ ಬೇಡಿಕೆ ಗಂಡನ ಕೃತಜ್ಞತೆಯನ್ನು ತುಳಿದುಕೊಂಡೇ ಮೇಲೆ ಹೋಗಬೇಕಿತ್ತು. ಅವಳು ಹಾಗೇ ಮೊಣಕಾಲ ಮೇಲೆ ಇದ್ದಳು, ಬಾಯಿ ಮುಚ್ಚಿಕೊಂಡು.